ನಗಬೇಡಿ

ಮುಖ ಬರಲಿಲ್ಲ. ಹಳದಿ ಮಳೆಕೋಟಿನ ಛಾಯಾಗ್ರಾಹಕ ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಿ, ಅವಸರವೇನಿಲ್ಲ ಎಂಬಂತೆ ಅಂಗೈ ತೋರಿಸಿ, ಮತ್ತೆ ಕಣ್ಣಿಗೆ ಹಚ್ಚಿಕೊಂಡ. ಅವಳು ಗುಡಿಸಲಿನ ಬಾಗಿಲಿಗೆ ಒರಗಿ ಕೂತು, ಎಂದಿನಂತೆ ಹೊಳೆಯಾಚೆಯ ಮರಗಳ ಕಡೆ ದೃಷ್ಟಿ ನೆಟ್ಟು, ಕತ್ತಲೆಯಲ್ಲಿ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಒಳಗೊಳಗೇ ತಡಕಾಡಿದಳು. ಇಷ್ಟು ವರ್ಷ ಅದು ಇಟ್ಟಲ್ಲೇ ಇರುತ್ತಿತ್ತು. ಕೈ ಚಾಚಿದರೆ ಸಾಕು, ಕೆಳತುಟಿ ತಾನೇ ತಾನಾಗಿ ಸ್ವಲ್ಪ ಜೋತು, ಕಣ್ಣು ದೂರವಾಗುತ್ತಿತ್ತು. ಎದುರಿಗಿದ್ದ ಕ್ಯಾಮೆರಾಗಳು ಹುರಿಗಾಳು ಸಿಡಿದ ಹಾಗೆ ಚಟಪಟ ಎನ್ನುತ್ತಿದ್ದವು. ಇವತ್ತು ಎಷ್ಟು ತಡಕಾಡಿದರೂ ಸಿಕ್ಕಿದ್ದು ಬೆನ್ನಿನ ತುರಿಕೆ ಮಾತ್ರ. ಗೋಣಿತಾಟಿನ ಆ ಬಟ್ಟೆಯ ಹಿಂಬದಿಗೆ ಕಂಪನಿಯವರು ಹೊಸದಾಗಿ ಹೊಲಿಸಿದ್ದ ಇಲಾಸ್ಟಿಕ್ಕು ಬೆವರಿಗೆ ಒದ್ದೆಯಾಗಿ ಚರ್ಮವನ್ನು ಕಚ್ಚುತ್ತಿತ್ತು.

"ನಗಬೇಡಿ ಅಂತಿದಾರೆ," ಎಂದ ಛತ್ರಿ.

"ನಾನೆಲ್ಲಿ ನಗ್ತಾ ಇದೀನಿ?"

"ನಗ್ತಿಲ್ಲ ನಿಜ. ಆದ್ರೆ ಬರೀ ನಗದೇ ಇದ್ರೆ ಸಾಲದಂತೆ. ಆ ಇನ್ನೊಂದು ಬೇಕಂತೆ. ನಿಮ್ಮ ಮಾಮೂಲಿದು."

ಛತ್ರಿ ಎಂದರೆ ಕಂಪನಿಯ ಮ್ಯಾನೇಜರು. ವರ್ಷದ ಮುಕ್ಕಾಲು ಪಾಲು ಮಳೆ ಸುರಿಯುವ ಈ ಕಾಡಿನಲ್ಲಿ, ಪ್ರವಾಸಿಗಳ ತಲೆಯ ಮೇಲೂ ಅವರ ಕ್ಯಾಮೆರಾಗಳ ಮೇಲೂ ದೊಡ್ಡ ಕಪ್ಪು ಕೊಡೆ ಹಿಡಿದು ತಾನು ತೊಯ್ದುಕೊಂಡು ಓಡಾಡುವವನಾದ್ದರಿಂದ ಆ ಹೆಸರು ಬಂದಿತ್ತು. ಅದೊಂದೇ ಕಾರಣವಲ್ಲ ಎಂಬುದು ಅವನ ಕೈಕೆಳಗೆ ದುಡಿದವರಿಗೆಲ್ಲ ಗೊತ್ತಿತ್ತು. ಹೊಳೆದಂಡೆಯ ಈ ನಾಲ್ಕಾರು ಗುಡಿಸಲುಗಳನ್ನು ಕಟ್ಟಿಸಿ, ಇದು ಕಾಡಿನ ಜನರ ಹಳೆಯ ಹಳ್ಳಿ ಎಂದು ದೂರದೂರದಿಂದ ಫೋಟೋ ತೆಗೆಯುವವರನ್ನು ಕರೆತರುವುದು ಅವನ ಕೆಲಸ. ಹಳ್ಳಿಯಲ್ಲಿ ಯಾರೂ ವಾಸ ಮಾಡುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಪಟ್ಟಣದಿಂದ ಬಂದು, ತಗಡಿನ ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ಕೈಗಡಿಯಾರ, ಮೊಬೈಲು, ಚಪ್ಪಲಿಗಳನ್ನು ಟ್ರಂಕಿನಲ್ಲಿಟ್ಟು, ಸಂಜೆಯ ಬಸ್ಸಿಗೆ ಮರಳುವ ಜನ ಅವರು. ಆಗಾಗ ಛತ್ರಿ ಎಲ್ಲರ ಮಣಿಕಟ್ಟು ಪರೀಕ್ಷಿಸುವನು; ಗಡಿಯಾರದ ಬಿಳಿ ಗುರುತಿದ್ದರೆ ಕೆಸರು ಹಚ್ಚಿಕೊಳ್ಳಬೇಕು. ಬಿಲ್ಲು ಹಿಡಿದು ಬಂಡೆಯ ಮೇಲೆ ನಿಲ್ಲುವ ಮುದುಕ ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವನು. ಈಗಲೂ ಫೋಟೋ ತೆಗೆದಾಯಿತು ಎಂದ ಕೂಡಲೇ ಅವನ ಬಾಯಿಂದ "ರೈಟ್, ರೈಟ್" ಎಂದು ಬಂದುಬಿಡುತ್ತಿತ್ತು.

ಹಳದಿ ಕೋಟಿನವನು ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನಿಗೂ ವಯಸ್ಸಾಗಿತ್ತು, ಕೂರುವಾಗ ಮೊಣಕಾಲು ಲಟಕ್ಕೆಂದಿತು. ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ಅವಳ ಮುಖ ತೋರಿಸಿ ಮೆಲ್ಲಗೆ ಏನೋ ಹೇಳಿದ. ಛತ್ರಿ ಅದನ್ನು ಹೇಳಲೋ ಬೇಡವೋ ಎಂದು ಒಂದು ಕ್ಷಣ ಕೊಡೆಯ ಹಿಡಿಯನ್ನು ತಿರುವಿದ. "ಇದು ಸುಸ್ತಾದ ಮುಖ ಅಂತೆ. ದುಃಖದ್ದಲ್ಲ. ಎರಡಕ್ಕೂ ವ್ಯತ್ಯಾಸ ಇದೆಯಂತೆ." ಅವಳು ಗಾಜಿನೊಳಗೆ ಬಗ್ಗಿ ನೋಡಿದಳು. ನಿಜವೇ. ಸಂಜೆಯ ಬಸ್ಸಿಗೆ ಕಾಯುತ್ತ ಕೂತ ಯಾವುದೋ ಹೆಂಗಸು. ಇಂಥ ಹೆಂಗಸಿನ ಫೋಟೋ ಯಾರಿಗೆ ಬೇಕು? ತಪ್ಪಾಯಿತು ಎನ್ನುವಂತೆ ಅವಳು ತಲೆಯಾಡಿಸಿದಳು. ಯಾಕೆ ತಲೆಯಾಡಿಸಿದೆನೆಂದು ಆಮೇಲೆ ನಾಚಿಕೆಯಾಯಿತು.

ಮೊದಲ ಸಲ ಮುಖ ಬಂದಾಗ ಅದನ್ನು ಯಾರೂ ಕರೆದಿರಲಿಲ್ಲ. ಗಂಡ ಸತ್ತು ಒಂದು ಮಳೆಗಾಲ ಕಳೆದಿತ್ತು, ಅಷ್ಟೇ. ಮನೆಯಲ್ಲಿ ಅತ್ತೆಯ ಒಂದೇ ಇಸ್ತ್ರಿಪೆಟ್ಟಿಗೆಯಿಂದ ಇಬ್ಬರ ಹೊಟ್ಟೆ ತುಂಬುತ್ತಿರಲಿಲ್ಲ. ಕಂಪನಿಯವರು ಜನ ಹುಡುಕುತ್ತಿದ್ದಾರೆಂದು ಆ ಮುದುಕ ಕಂಡಕ್ಟರೇ ಬಂದು ಹೇಳಿದ್ದ. ಆ ದಿನ ಬಂದವಳು ಒಬ್ಬ ಹೆಂಗಸು, ಕುತ್ತಿಗೆಗೆ ಎರಡು ಕ್ಯಾಮೆರಾ ಜೋತುಬಿದ್ದಿದ್ದವು. ಏನಾದರೂ ನೆನಪಿಸಿಕೊಳ್ಳಿ, ಏನಾದರೂ, ನಿಮ್ಮ ಮನಸ್ಸಿನಲ್ಲಿ ಇರುವಂಥದ್ದು, ಎಂದಿದ್ದಳು. ಏನಾದರೂ ಎಂದರೆ ಅವಳಲ್ಲಿದ್ದದ್ದು ಒಂದೇ. ದಿನಗಟ್ಟಲೆ ಗಾಳಿಮಳೆ ಹೊಡೆದು, ಹೆದ್ದಾರಿಯುದ್ದಕ್ಕೂ ಮರಗಳು ತಂತಿಯ ಮೇಲೆ ಬಿದ್ದು, ಪಟ್ಟಣವೆಲ್ಲ ಕತ್ತಲಲ್ಲಿತ್ತು. ಲೈನ್‌ಮನ್ ಆಗಿದ್ದ ಗಂಡ ಮಧ್ಯಾಹ್ನ ನಿಂತುಕೊಂಡೇ ಉಂಡು, ಒದ್ದೆ ಬೂಟನ್ನೇ ಮತ್ತೆ ಮೆಟ್ಟಿ ಹೋಗಿದ್ದ. ಸಂಜೆ ಅತ್ತೆ ಸೀಮೆಎಣ್ಣೆ ಕೇಳಲು ಪಕ್ಕದ ಮನೆಗೆ ಹೋಗಿದ್ದಳು. ಇವಳು ಅಡುಗೆಮನೆಯಲ್ಲಿ ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತ ಪಾತ್ರೆ ತಡವುತ್ತಿದ್ದಾಗ ನೆತ್ತಿಯ ಮೇಲಿನ ಬಲ್ಬು ಝಗ್ಗನೆ ಹತ್ತಿಕೊಂಡಿತು. ಬೀದಿಗೆ ಬೀದಿಯೇ ಓ ಎಂದು ಕೂಗಿತು. ಅವಳೂ, ಒಬ್ಬಳೇ ಇದ್ದವಳು, "ಬಂತು!" ಎಂದು ಕೂಗಿ ನಕ್ಕಳು. ಇನ್ನೇನು ಅವನು ಬರುತ್ತಾನೆ, ಬಿಸಿನೀರು ಕಾಯಿಸಿಡಬೇಕು ಎಂದುಕೊಳ್ಳುವಷ್ಟರಲ್ಲಿ ಬಲ್ಬು ಆರಿಹೋಯಿತು. ಕರೆಂಟು ಬಂದು ಹೋದ ಆ ನಡುವೆ ಅವನು ಕಂಬದ ಮೇಲಿದ್ದ. ಯಾರು ಸ್ವಿಚ್ಚು ಹಾಕಿದರು, ಯಾರು ಹಾಕಬೇಡಿ ಎಂದಿರಲಿಲ್ಲ, ಇದೆಲ್ಲ ವಿಚಾರಣೆಯಾಗಿ, ಕೊನೆಗೆ ಯಾರ ತಪ್ಪೂ ಅಲ್ಲ ಎಂದಾಯಿತು. ಅವಳ ಬಾಯಿಂದ ಹೊರಟ ಆ ಒಂದು ಶಬ್ದದ ವಿಚಾರಣೆ ಯಾರೂ ಮಾಡಲಿಲ್ಲ.

ಆ ಹೆಂಗಸಿನ ಕ್ಯಾಮೆರಾದೆದುರು ಅದು ಉಕ್ಕಿ ಬಂದಿತ್ತು. ಹೆಂಗಸೂ ಅತ್ತಿದ್ದಳು, ಫೋಟೋ ತೆಗೆಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಆ ಚಿತ್ರ ಎಲ್ಲೆಲ್ಲೋ ಅಚ್ಚಾಗಿ, ಕಂಪನಿಯ ಆಫೀಸಿನ ಗೋಡೆಗೇರಿ, ಕೊನೆಗೆ ಪ್ರವಾಸಿಗಳನ್ನು ತರುವ ಬಸ್ಸಿನ ಮೈಮೇಲೆ ಆಳೆತ್ತರಕ್ಕೆ ಅಂಟಿಕೊಂಡಿತು. ಒಂದು ದಿನ ನಿಲ್ದಾಣದಲ್ಲಿ ನಿಂತಿದ್ದಾಗ ಅವಳದೇ ಮುಖ ಹೊತ್ತ ಆ ಬಸ್ಸು ಹೊಂಡಕ್ಕೆ ಇಳಿದು ಅವಳ ಮೈಗೆಲ್ಲ ಕೆಸರೆರಚಿ ಹೋಗಿತ್ತು. ಜೊತೆಗಿದ್ದ ಅತ್ತೆ ಬಸ್ಸನ್ನೇ ನೋಡಿ, "ಬಾಯಿ ಒಂಚೂರು ದೊಡ್ಡದಾಗಿ ಬಂದಿದೆ," ಎಂದಿದ್ದಳು. ಅಷ್ಟೇ. ಏನು ನೆನೆದು ಆ ಮುಖ ಬಂತು ಎಂದು ಅತ್ತೆ ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳದೆ ಉಳಿದ ಆ ಮಾತು ಇಬ್ಬರ ನಡುವೆ, ಹಗ್ಗದ ಮೇಲೆ ಒಣಗದೆ ಉಳಿದ ಬಟ್ಟೆಯಂತೆ, ತಲೆಗೆ ತಾಗಿದಾಗಲೆಲ್ಲ ಬಗ್ಗಿ ಹೋಗುವಂಥದ್ದಾಯಿತು.

ಆಮೇಲೆ ಕೇಳಿದಾಗಲೆಲ್ಲ ಕೊಟ್ಟಳು. ಮೊದಮೊದಲು ಪೂರ್ತಿ ಸಂಜೆಯನ್ನೇ ನೆನೆಯಬೇಕಿತ್ತು. ಬರಬರುತ್ತ ಬಲ್ಬೊಂದು ಸಾಕಾಯಿತು. ಆಮೇಲೆ ಬಲ್ಬೂ ಬೇಡವಾಗಿ, ಕ್ಯಾಮೆರಾ ಕಂಡರೆ ತುಟಿ ತಾನಾಗಿ ಜೋಲುತ್ತಿತ್ತು. ಇಸ್ತ್ರಿ ಮಾಡಿ ಮಾಡಿ ಅಂಗಿಯ ಕಾಲರು ಹೊಳಪೇರಿ ತೆಳುವಾಗುತ್ತದಲ್ಲ, ಹಾಗೆ. ಒಂದು ದಿನ ಎದುರಿಗಿದ್ದವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ತಾನು ಯೋಚಿಸುತ್ತಿರುವುದು ಮನೆಯಲ್ಲಿ ಇದ್ದಿಲು ಮುಗಿದ ವಿಷಯವನ್ನು ಎಂದು ಅವಳಿಗೆ ಥಟ್ಟನೆ ತಿಳಿಯಿತು. ಆ ರಾತ್ರಿ ಮಲಗಿ, ಕ್ಯಾಮೆರಾ ಇಲ್ಲದೆ, ತನಗಾಗಿ ಒಮ್ಮೆ ನೆನೆದು ನೋಡಿದಳು. ಬಲ್ಬು ಹತ್ತಿತು, ಆರಿತು. ಒಳಗೆ ಏನೂ ಅಲುಗಲಿಲ್ಲ. ಗಂಡನ ಸಾವನ್ನು ದಿನದಿನವೂ ಒಂದಿಷ್ಟು ಮಾರಿ ಉಂಡು ಮುಗಿಸಿಬಿಟ್ಟೆ ಎನಿಸಿತು. ಪಕ್ಕದ ಚಾಪೆಯಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಅವಳ ಪಾಲನ್ನೂ ತಾನೇ ಉಂಡೆನೇನೋ.

ಹಳದಿ ಕೋಟಿನವನು ಎದ್ದು ಹೊಳೆಯ ಕಡೆ ಹೋದ ಮೇಲೆ ಛತ್ರಿ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡಿ ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವರು ದೊಡ್ಡ ಮನುಷ್ಯರು, ಪುಸ್ತಕ ಮಾಡ್ತಿದಾರೆ. ಅವರಿಗೆ ಇನ್ನೂ ವಯಸ್ಸಾದ ಮುಖ ಬೇಕಂತೆ. ಸುಕ್ಕು ಗಿಕ್ಕು ಇರೋದು. ನಿಮ್ಮದು ಈಗ... ಹೆಂಗೆ ಹೇಳ್ಲಿ... ಅತ್ಲಾಗೂ ಅಲ್ಲ, ಇತ್ಲಾಗೂ ಅಲ್ಲ."

"ಸುಕ್ಕು ಬರೋವರೆಗೂ ಕಾಯೋಕೆ ಹೇಳಿ."

"ಅಯ್ಯೋ, ನಾಡಿದ್ದು ಬರ್ತಾರೆ ಅವರು, ಮತ್ತೆ. ನಿಮ್ಮತ್ತೆ ಇದಾರಲ್ಲ?"

"ಅವರು ಬರಲ್ಲ."

"ಕೇಳಿ ನೋಡಿ. ಅವರು ಬಂದ್ರೆ ನಿಮಗೂ ಕೆಲಸ ಇರುತ್ತೆ. ಬೆಳಕಿನ ತಟ್ಟೆ ಹಿಡಿಯೋಕೆ ಒಬ್ಬರು ಬೇಕೇ ಬೇಕು."

"ಬರದೇ ಇದ್ರೆ?"

"ನೋಡೋಣ," ಎಂದ ಛತ್ರಿ. ಅವನು ಇಲ್ಲ ಎಂದು ಇಲ್ಲಿಯವರೆಗೆ ಯಾರಿಗೂ ಹೇಳಿದವನಲ್ಲ. ನೋಡೋಣ ಎನ್ನುತ್ತಿದ್ದ, ಆಮೇಲೆ ಆ ಮನುಷ್ಯರು ಅಲ್ಲಿ ಕಾಣುತ್ತಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಏನೋ ಸಮಾಧಾನ ಹೇಳುತ್ತಿದ್ದ. ತನ್ನ ಬಿಲ್ಲಿಗೆ ಈ ವರ್ಷ ಪ್ಲಾಸ್ಟಿಕ್ ದಾರ ಕಟ್ಟಿದ್ದಾರೆ, ಎಳೆದರೆ ಕಡಿದುಬರುತ್ತದೆ, ಹುಲಿ ಎದುರಾದರೆ ಟಿಕೆಟ್ ಕೇಳುವುದೊಂದೇ ದಾರಿ, ಎಂದು. ಅವಳು ಹೂಂಗುಟ್ಟಿದಳು. ಕೆಲಸ ಹೋಗುವುದರ ಚಿಂತೆ ಇತ್ತು, ಇಲ್ಲವೆಂದಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಕೊರೆಯುತ್ತಿತ್ತು. ಅತ್ತೆಯನ್ನು ಆ ಬಾಗಿಲಲ್ಲಿ ಕೂರಿಸಿ, ನಗಬೇಡಿ, ಏನಾದರೂ ದುಃಖದ್ದು ನೆನಪಿಸಿಕೊಳ್ಳಿ ಎನ್ನುತ್ತಾರೆ. ಆ ಮುದುಕಿಯ ಬಳಿ ಇರುವುದೂ ಅದೊಂದೇ ತಾನೆ? ಸತ್ತ ಒಬ್ಬನನ್ನೇ ಮೊದಲು ಹೆಂಡತಿ, ಆಮೇಲೆ ತಾಯಿ ಮಾರುವುದು. ಅವಳದ್ದಾದರೂ ಹೊಸತಾಗಿಯೇ ಉಳಿದಿರಬಹುದು, ಪೆಟ್ಟಿಗೆಯ ತಳದಲ್ಲಿಟ್ಟ ಒಳ್ಳೆಯ ಬಟ್ಟೆಯ ಹಾಗೆ. ಅದನ್ನು ಹೊರತೆಗೆಸಿ ಉಡಿಸಿ ಹರಿಸುವುದೇ? ಕೇಳುವುದೇ ಬೇಡ, ಬರುವುದಿಲ್ಲವಂತೆ ಎಂದುಬಿಟ್ಟರಾಯಿತು ಎಂದುಕೊಂಡಳು. ಎಂದುಕೊಂಡ ಬೆನ್ನಿಗೇ, ಒಂದು ವೇಳೆ ಅತ್ತೆ ತಾನಾಗಿ ಒಪ್ಪಿದರೆ, ಎಂದು ಮನಸ್ಸು ಸಣ್ಣಗೆ ಬಾಲ ಅಲ್ಲಾಡಿಸಿತು. ಆ ಬಾಲ ಅವಳಿಗೆ ಕಂಡಿತು.

ಮನೆಯೆಂದರೆ ಒಂದು ಉದ್ದನೆ ಕೋಣೆ, ಹಿಂದೆ ಅಡುಗೆಮನೆ. ಈ ಊರಿನಲ್ಲಿ ಬಟ್ಟೆ ಒಣಗುವುದೆಂಬುದಿಲ್ಲ. ಅದಕ್ಕೇ ಅತ್ತೆಯ ಕಸುಬು ನಡೆಯುತ್ತಿತ್ತು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಊರವರ ಅಂಗಿ ಪ್ಯಾಂಟುಗಳನ್ನು ನೇತುಹಾಕಿ, ಕೆಳಗೆ ಇದ್ದಿಲ ಒಲೆಗಳನ್ನಿಟ್ಟು ಒಣಗಿಸಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಒಳಗೆ ಬಂದರೆ ಗಂಡಸರ ಗುಂಪಿನಲ್ಲಿ ದಾರಿ ಮಾಡಿಕೊಂಡು ಹೋದ ಹಾಗೆ ಅಂಗಿಗಳನ್ನು ಸರಿಸುತ್ತ ನಡೆಯಬೇಕು. ಹಬೆಯ, ಸೋಪಿನ, ಬೇರೆಯವರ ಬೆವರಿನ ವಾಸನೆ. ಅತ್ತೆ ದಪ್ಪ ಗಾಜಿನ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಶಾಲೆಯ ಮೇಷ್ಟ್ರ ಪ್ಯಾಂಟಿನ ಗೆರೆ ತೀಡುತ್ತಿದ್ದಳು.

"ಇವತ್ತು ಬೇಗ ಕತ್ಲಾಯ್ತು," ಎಂದಳು ಸೊಸೆ.

"ಕತ್ಲೆ ಆಗೋ ಹೊತ್ತಿಗೇ ಆಗಿದೆ. ನೀನು ಏನು ಹೇಳ್ಬೇಕು ಅಂತಿದೀಯೋ ಅದನ್ನ ಹೇಳು."

"ಏನಿಲ್ಲ ಅತ್ತೆ."

"ಏನಿಲ್ದೆ ಒಂದೇ ಅಂಗೀನ ಎರಡು ಸಲ ಮಡಚ್ತಿದೀಯಾ?" ಅತ್ತೆ ಪೆಟ್ಟಿಗೆಯನ್ನು ಎತ್ತಿ ಬೂದಿ ಊದಿದಳು. "ಕಂಡಕ್ಟರು ಅಂಗಿ ತಗೊಂಡು ಹೋಗೋಕೆ ಬಂದಿದ್ದ, ಈಗಷ್ಟೇ. ನೀನು ಬಸ್ಸಿಳಿದು ಕಾಲೆಳೀತಾ ಬರೋಷ್ಟರಲ್ಲಿ ಬಂದು ಹೋದ. ಎಲ್ಲಾ ಹೇಳಿದ. ನಿನ್ನ ಮುಖ ಹಳೇದಾಯ್ತಂತೆ. ನಂದು ಇನ್ನೂ ಹಳೇದು, ಅದಕ್ಕೆ ಬೇಕಂತೆ. ಏನು ವ್ಯಾಪಾರನಪ್ಪ ಇದು! ಹಳೇ ಪಾತ್ರೆಯವನೂ ಇಂಥ ಲೆಕ್ಕ ಹಾಕಲ್ಲ."

"ನಾನು ಇಲ್ಲ ಅಂದುಬಿಟ್ಟಿದೀನಿ."

"ನಿನ್ನನ್ನ ಯಾರು ಕೇಳಿದ್ರು? ಬರ್ತೀನಿ ನಾನು."

ಅವಳಿಗೆ ಅರ್ಧ ಭಯ, ಅರ್ಧ ನಿರಾಳ. ನಿರಾಳವಾದ ಅರ್ಧಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. "ಅಲ್ಲಿ ಸುಮ್ನೆ ಕೂತ್ರೆ ಆಗಲ್ಲ ಅತ್ತೆ," ಎಂದಳು.

"ಮತ್ತೆ? ಕುಣೀಬೇಕಾ?"

"ಹಂಗಲ್ಲ. ಅವರು ಏನಾದ್ರೂ... ಹೇಳ್ತಾರೆ. ಹಿಂಗಿರಿ, ಹಂಗಿರಿ ಅಂತ."

"ಹೇಳ್ಲಿ. ಮದುವೆಯಾದಾಗಿಂದ ಹೇಳಿಸ್ಕೊಂಡೇ ಬಂದಿದೀನಿ." ಅತ್ತೆ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಆ ಬಸ್ಸಿನ ಮೇಲೆ ನಿನ್ನ ಬಾಯಿ ನೋಡಿ ನೋಡಿ ಸಾಕಾಗಿದೆ ಕಣೇ. ಹಲ್ಲಿಲ್ಲದ ಬಾಯೂ ಒಂದಿರಲಿ. ಮೇಷ್ಟ್ರ ಪ್ಯಾಂಟು ಕೊಟ್ಟು ಬಾ ಹೋಗು."

ದುಃಖ ನೆನೆಯಬೇಕಾಗುತ್ತದೆಂಬ ಮಾತು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಅದನ್ನು ಹೇಳಬೇಕಾದರೆ, ನಾನು ಇಷ್ಟು ವರ್ಷ ಅಲ್ಲಿ ಕೂತು ಏನು ಮಾಡಿದೆ ಎಂದು ಹೇಳಬೇಕು. ಅವಳು ಪ್ಯಾಂಟನ್ನು ಕಾಗದದಲ್ಲಿ ಸುತ್ತಿಕೊಂಡು ಮಳೆಗೆ ಇಳಿದಳು.

ಆ ದಿನ ಬಂತು. ಶೆಡ್ಡಿನಲ್ಲಿ ಅತ್ತೆ ಗೋಣಿತಾಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, "ಚಹದ ವಾಸನೆ ಬರ್ತಿದೆಯಲ್ಲೇ!" ಎಂದಳು. ಡಿಕಾಕ್ಷನ್ನಿನಲ್ಲಿ ನೆನೆಸಿ ಬಣ್ಣ ಕಟ್ಟಿಸಿದ್ದು ಅದು. ಹಿಂದಿನ ಕಾಲದಲ್ಲಿ ನಿಮ್ಮವರು ಉಡುತ್ತಿದ್ದದ್ದು ಇದೇ ಎಂದು ಛತ್ರಿ ತಿಳಿಸಿ ಹೇಳಿದ. "ನಮ್ಮಜ್ಜಿ ಉಡ್ತಿದ್ದದ್ದು ಅಂಗಡಿ ಬಟ್ಟೆ, ನೀಲಿದು. ಗೋಣಿಚೀಲ ಉಡೋ ಕಾಲ ನೀವು ಬಂದ್ಮೇಲೆ ಬಂದಿದ್ದು," ಎಂದು ಅತ್ತೆ ಅದನ್ನು ಉಟ್ಟುಕೊಂಡಳು. ಸೊಸೆ ಹಿಂದೆ ನಿಂತು ಇಲಾಸ್ಟಿಕ್ಕು ಸರಿಪಡಿಸಿದಳು. ಎಲುಬು ಎಣಿಸಬಹುದಾದ ಬೆನ್ನು. ಆ ಬೆನ್ನನ್ನು ಅವಳು ಹೀಗೆ ಹಗಲು ಬೆಳಕಿನಲ್ಲಿ ನೋಡಿರಲೇ ಇಲ್ಲ. ನೋಡಬಾರದ್ದನ್ನು ನೋಡಿದ ಹಾಗಾಗಿ ಕಣ್ಣು ತಪ್ಪಿಸಿದಳು.

"ಕನ್ನಡಕ ತೆಗೀರಿ ಅಮ್ಮ," ಎಂದ ಛತ್ರಿ.

"ತೆಗೆದ್ರೆ ನಂಗೆ ಯಾರೂ ಕಾಣಲ್ಲಪ್ಪ."

"ನಿಮಗೆ ಕಾಣೋದು ಬೇಡ. ನೀವು ಕಂಡ್ರೆ ಸಾಕು."

ಅತ್ತೆ ಕನ್ನಡಕ ಕಳಚಿ ಸೊಸೆಯ ಕೈಗೆ ಕೊಟ್ಟಳು. ಮೂಗಿನ ಎರಡೂ ಬದಿಗೆ ವರ್ಷಗಟ್ಟಲೆಯ ಕೆಂಪು ತಗ್ಗುಗಳಿದ್ದವು. ಛತ್ರಿ ಬಗ್ಗಿ ಅಲ್ಲಿ ಬೆರಳಿನಿಂದ ಕೆಸರು ಸವರಿದ. ಮುದುಕಿ ಕಣ್ಣು ಮುಚ್ಚಿಕೊಂಡು, ಶಾಲೆಗೆ ಹೊರಟ ಮಗುವಿನಂತೆ ಮುಖವೊಡ್ಡಿ ನಿಂತಳು. ಅದನ್ನು ಕಂಡು ಸೊಸೆಗೆ, ಸಾಕು, ಹೋಗೋಣ ಬನ್ನಿ, ಎಂದು ಕೈಹಿಡಿದು ಎಳೆಯಬೇಕೆನಿಸಿತು. ಎಳೆಯಲಿಲ್ಲ. ಅವಳ ಕೈಯಲ್ಲಿ ಆಗಲೇ ಬೆಳ್ಳಿಬಣ್ಣದ ಬಟ್ಟೆ ಬಿಗಿದ ದೊಡ್ಡ ತಟ್ಟೆಯನ್ನು ಕೊಟ್ಟಾಗಿತ್ತು. ಮೋಡದ ಬೆಳಕನ್ನು ಅದರಲ್ಲಿ ಹಿಡಿದು ಮುಖದ ಮೇಲೆ ಚೆಲ್ಲಬೇಕು, ಅಲುಗಾಡಬಾರದು.

ಹಳದಿ ಕೋಟಿನವನು ಮುದುಕಿಯನ್ನು ಕಂಡು, ಬೇಕಾದ್ದು ಸಿಕ್ಕವರ ಹಾಗೆ, ತುಂಬ ಮೆಲ್ಲಗೆ ಓಡಾಡತೊಡಗಿದ. ಬಾಗಿಲ ಪಕ್ಕ ಕೂರಿಸಿದ. ಅವಳ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಮೊಣಕಾಲ ಮೇಲೆ ಇಟ್ಟ. ಒಳ್ಳೆಯವನೇ ಅವನು. ಎಲ್ಲರೂ ಒಳ್ಳೆಯವರೇ ಆಗಿರುತ್ತಿದ್ದರು. ಒಂದಿಷ್ಟು ತೆಗೆದ, ತಲೆಯಾಡಿಸಿದ, ಮತ್ತೆ ತೆಗೆದ. ಆಮೇಲೆ ಛತ್ರಿಯ ಕಡೆ ತಿರುಗಿ ಒಂದು ಮಾತು ಹೇಳಿದ. ಆ ಮಾತಿನ ಅರ್ಥವನ್ನು ಸೊಸೆ ಛತ್ರಿಯ ಬಾಯಿಂದ ಕೇಳಬೇಕಿರಲಿಲ್ಲ.

"ಅಮ್ಮಾ, ನಗಬೇಡಿ. ಏನಾದ್ರೂ ದುಃಖದ ವಿಷಯ ನೆನಪು ಮಾಡ್ಕೋಬೇಕಂತೆ."

"ಯಾವುದಾದ್ರೂ ಸರಿನಾ?"

"ಯಾವುದಾದ್ರೂ. ನಿಮ್ಮ ಸ್ವಂತದ್ದು."

ಕನ್ನಡಕವಿಲ್ಲದ ಅತ್ತೆಯ ಕಣ್ಣುಗಳು ಎದುರಿನವರನ್ನೆಲ್ಲ ಸವರಿಕೊಂಡು ಬಂದು, ಯಾರನ್ನೂ ಕಾಣದೆ, ಮುಚ್ಚಿಕೊಂಡವು. ಬಂಡೆಯ ಮೇಲೆ ನಿಂತಿದ್ದ ಕಂಡಕ್ಟರು ಬಿಲ್ಲು ಇಳಿಸಿ ತಲೆ ತಗ್ಗಿಸಿದ, ಅವನಿಗೆ ಗೊತ್ತಿತ್ತು. ಸೊಸೆ ತಟ್ಟೆಯನ್ನು ಬಿಗಿಯಾಗಿ ಹಿಡಿದು ಅತ್ತೆಯ ಮುಖವನ್ನಲ್ಲದೆ ಬೇರೆಲ್ಲವನ್ನೂ ನೋಡುತ್ತಿದ್ದಳು: ಎಲೆ ಹೊದಿಸಿದ ಮಾಡಿನೊಳಗೆ ಅಡಗಿಸಿದ್ದ ವೈರು, ಛತ್ರಿಯ ಬೂಟಿನ ಲಾಡಿ, ತನ್ನ ಹೆಬ್ಬೆರಳು. ಒಳಗೆ ಮಾತ್ರ ಅವಳು ಅತ್ತೆಯ ಜೊತೆ ಜೊತೆಯೇ ಇಳಿಯುತ್ತಿದ್ದಳು. ಈಗ ಆಸ್ಪತ್ರೆಯ ಬಾಗಿಲು. ಈಗ ಬಿಳಿ ಬಟ್ಟೆ ಸರಿಸಿರುತ್ತಾರೆ. ಈಗ ಸುಟ್ಟ ಅಂಗೈ. ಕೂದಲು ನರೆತ ಈ ತಾಯಿಯನ್ನು ಆ ಕೋಣೆಯ ತನಕ ನಡೆಸಿಕೊಂಡು ಬಂದದ್ದು ನಾನು, ನನ್ನ ಕೈಯಲ್ಲಿ ಬೆಳಕು ಬೇರೆ.

ಅತ್ತೆಯ ಭುಜ ಅಲುಗಿತು. ಕ್ಯಾಮೆರಾ ಚಟಪಟ ಶುರುವಾಯಿತು. ಭುಜ ಇನ್ನಷ್ಟು ಕುಲುಕಿ, ಮುಖ ಕಿವುಚಿಕೊಂಡು, ಎದೆಯೊಳಗಿಂದ ಏನೋ ಸದ್ದು ಏರಿ ಬಂದು, ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದುಕೊಂಡಿತು. ಅತ್ತೆ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಅಯ್ಯೋ, ತಪ್ಪು ತಿಳ್ಕೋಬೇಡಪ್ಪ," ಎಂದಳು, ಛತ್ರಿ ಇದ್ದಾನೆಂದು ತಾನು ತಿಳಿದ ದಿಕ್ಕಿಗೆ ತಿರುಗಿ. "ಮಗನ್ನೇ ನೆನೆಸ್ಕೊಂಡೆ. ನಂಗಿರೋ ದುಃಖ ಅದೊಂದೇ. ಆದ್ರೆ ಅಷ್ಟರಲ್ಲಿ ಆ ಹಲ್ಲಿ ಅಡ್ಡ ಬಂತು ನೋಡು!"

"ಹಲ್ಲೀನಾ?"

"ಹೂಂ. ಹೊಸದಾಗಿ ಕೆಲಸಕ್ಕೆ ಸೇರಿದ್ದ. ರಸ್ತೆ ಬದಿ ಫ್ಯೂಸ್ ಪೆಟ್ಟಿಗೆ ತೆಗೆದ್ರೆ ಒಂದು ಹಲ್ಲಿ ಹಾರಿ ಕುತ್ತಿಗೆ ಮೇಲೆ ಬಿತ್ತಂತೆ. ಕರೆಂಟಿಗೆ ಹೆದರದ ಪ್ರಾಣಿ, ಹಲ್ಲಿ ಅಂದ್ರೆ ಸಾಯ್ತಿತ್ತು. ಎರಡೂ ಕೈಲಿ ಪೆಟ್ಟಿಗೆ ಹಿಡ್ಕೊಂಡು ಕುಣಿದಾಡ್ತಾ ಕಿರುಚಿದಾನೆ. ನೋಡಿದವರು ಶಾಕ್ ಹೊಡೀತು ಅಂತ ಒಣ ದೊಣ್ಣೆ ತಂದು ಬಿಡಿಸೋಕೆ ಹೊಡೆದ್ರು. ಇವನು ಹಲ್ಲಿ ಹಲ್ಲಿ ಅಂತ ಕೂಗ್ತಾನೆ, ಅವರು ಬಿಡಬೇಡಿ ಹೊಡೀರಿ ಅಂತ ಇನ್ನೂ ಜೋರಾಗಿ ಹೊಡೀತಾರೆ! ಮನೆಗೆ ಬಂದಾಗ ಬೆನ್ನು ಹಪ್ಪಳ ಆಗಿತ್ತು."

ಕಂಡಕ್ಟರು ಬಂಡೆಯ ಮೇಲೆ ಕೂತುಬಿಟ್ಟು ನಕ್ಕ. ಹಳದಿ ಕೋಟಿನವನು ಏನು ವಿಷಯವೆಂದು ಕೇಳಿದ. ಛತ್ರಿ ಏನು ಹೇಳಿದನೋ, ಅವನು ಕೊರಳು ಎತ್ತಿ ಗುಡಿಸಲಿನ ಗೋಡೆಗಳಲ್ಲಿ ಹಲ್ಲಿಗಾಗಿ ಹುಡುಕತೊಡಗಿದ.

ಸೊಸೆಗೆ ಅದು ಮರೆತೇಹೋಗಿತ್ತು. ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಗಂಡ ಬೋರಲು ಮಲಗಿದ್ದ, ಅತ್ತೆ ಇಸ್ತ್ರಿಪೆಟ್ಟಿಗೆಗೆ ಬಟ್ಟೆ ಒತ್ತಿ ಬಿಸಿ ಮಾಡಿ ಕೊಡುತ್ತಿದ್ದಳು, ಇವಳು ಆ ಬಟ್ಟೆಯನ್ನು ಅವನ ಬೆನ್ನಿಗೆ ಇಡುತ್ತಿದ್ದಳು. ಒತ್ತಿದಾಗಲೆಲ್ಲ ಅವನು ಹಾ ಎನ್ನುತ್ತಿದ್ದ. ಅಂಗಿಯಿಲ್ಲದ ಅವನ ಮೈಯನ್ನು ಹಾಗೆ ಬೆಳಕಿನಲ್ಲಿ ಮುಟ್ಟಿದ್ದು ಅದೇ ಮೊದಲು. ನಾಚಿಕೆ, ನಗು, ಎರಡನ್ನೂ ತಡೆಯಲಾರದೆ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು. ಯಾರಿಗೂ ಹೇಳಬೇಡಿ, ಡಿಪಾರ್ಟ್‌ಮೆಂಟಿನ ಮರ್ಯಾದೆ, ಎಂದು ಅವನು ದಿಂಬಿನೊಳಗಿಂದ ಗೊಣಗಿದ್ದ. ಆ ಬೆನ್ನು ಎಷ್ಟು ಬೆಚ್ಚಗಿತ್ತು. ಎಡ ಭುಜದ ಕೆಳಗೆ ಒಂದು ಮಚ್ಚೆಯಿತ್ತು. ಇದೆಲ್ಲ ಎಲ್ಲಿ ಹೋಗಿತ್ತು? ಒಂದು ಬಲ್ಬನ್ನೇ ಒರೆಸಿ ಒರೆಸಿ ಇಟ್ಟುಕೊಂಡು, ಮನೆಯ ಉಳಿದ ಕೋಣೆಗಳಿಗೆ ಕಾಲಿಡದೆ ಇದ್ದುಬಿಟ್ಟಿದ್ದಳೇ?

"ಅಕ್ಕಾ, ಬೆಳಕು ಅಲ್ಲಾಡ್ತಿದೆ!" ಛತ್ರಿ ಗದರಿದ.

ಅತ್ತೆಯ ಮುಖದ ಮೇಲೆ ಬೆಳಕು ನೀರಿನಂತೆ ತುಳುಕುತ್ತಿತ್ತು. ಸೊಸೆ ತಟ್ಟೆಯನ್ನು ಎತ್ತಿ ತನ್ನ ಮುಖಕ್ಕೆ ಮರೆ ಮಾಡಿಕೊಂಡಳು. ಅದರ ಹಿಂದೆ ಅವಳ ಬಾಯಿ ಸೊಟ್ಟಗಾಗಿ, ಮೂಗು ಸೋರಿ, ಉಸಿರು ಬಿಕ್ಕಿ ಬಿಕ್ಕಿ ಬರುತ್ತಿತ್ತು. ಎಷ್ಟೋ ವರ್ಷದ ಮೇಲೆ, ಕರೆಯದೆ. ಯಾರೂ ಆ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ತಿರುಗಿಸಿದ್ದರೂ ಪ್ರಯೋಜನವಿರಲಿಲ್ಲ, ಅದೊಂದು ನೋಡುವಂಥ ಮುಖವೇ ಆಗಿರಲಿಲ್ಲ.

ಹಳದಿ ಕೋಟಿನವನು ಮತ್ತೂ ಸ್ವಲ್ಪ ಹೊತ್ತು ಪ್ರಯತ್ನಿಸಿದ. ಅತ್ತೆಯೂ ಪಾಪ, ತುಟಿ ಬಿಗಿಹಿಡಿದಳು, ಹುಬ್ಬು ಗಂಟಿಕ್ಕಿದಳು. ಒಂದೆರಡು ಗಳಿಗೆಗೆ ಮತ್ತೆ ಬಾಯಿ ಒಡೆಯುತ್ತಿತ್ತು. "ಆಗ್ತಿಲ್ಲಪ್ಪ. ಒಂದು ಸಲ ಬಂತು ಅಂದ್ರೆ ಬೇಗ ಹೋಗಲ್ಲ ಅದು." ಅಷ್ಟರಲ್ಲಿ ಮಳೆ ಬಂತು. ಅವನು ಕ್ಯಾಮೆರಾವನ್ನು ಮಗುವಿನಂತೆ ಕೋಟಿನೊಳಗೆ ಸೇರಿಸಿಕೊಂಡು ಎದ್ದ; ಅತ್ತೆಗೆ ಕೈಮುಗಿದು ಹೋದ. ನಾಳೆ ಬರಬೇಕೇ ಎಂದು ಸೊಸೆ ಛತ್ರಿಯನ್ನು ಕೇ‍ಳಿದಳು.

"ನೋಡೋಣ," ಎಂದ.

ಸಂಜೆಯ ಬಸ್ಸು ಅರ್ಧ ಖಾಲಿಯಿತ್ತು. ಕಂಡಕ್ಟರು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದ. ಅತ್ತೆ ಕನ್ನಡಕ ಹಾಕಿಕೊಂಡು, ಮೂಗಿನ ಬದಿಯ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಕೆಲಸ ಹೋಯಿತು, ಇನ್ನು ಎರಡನೇ ಇಸ್ತ್ರಿಪೆಟ್ಟಿಗೆ ಕೊಳ್ಳಬೇಕು, ಮೇಷ್ಟ್ರ ಮನೆಯ ಹಾಗೆ ಇನ್ನೂ ನಾಲ್ಕು ಮನೆ ಹಿಡಿಯಬೇಕು, ಎಂದು ಸೊಸೆ ಆಯಾಸದಿಂದ ಯೋಚಿಸುತ್ತಿದ್ದಳು. ಅತ್ತು ಮುಗಿದ ಮೇಲಿನ ತಲೆನೋವು ಕಣ್ಣಿನ ಹಿಂದೆ ಕೂತಿತ್ತು.

"ನೀನು ಏನು ನೆನೆಸ್ಕೊಳ್ತಿದ್ದೆ?" ಎಂದಳು ಅತ್ತೆ, ಕನ್ನಡಿಯೇ ಇಲ್ಲದೆ ಕೆಸರು ಕೆರೆಯುತ್ತಲೇ. "ಇಷ್ಟು ವರ್ಷ, ಅಲ್ಲಿ ಕೂತು?"

"ಬಸ್ಸು ತಪ್ಪಿಹೋದ್ರೆ ಹೆಂಗಪ್ಪಾ ಅಂತ."

ಅತ್ತೆ ನಗಲಿಲ್ಲ. ಬಸ್ಸು ಒಂದು ತಿರುವು ದಾಟಿತು. ಎರಡೂ ಬದಿಯ ಮರಗಳು ಗಾಜಿಗೆ ಒದ್ದೆ ಕೊಂಬೆಗಳನ್ನು ಬಡಿಯುತ್ತ ಹಿಂದೆ ಹೋದವು.

"ಕರೆಂಟ್ ಬಂದಿದ್ದನ್ನ," ಎಂದಳು ಅವಳು. "ಬಂತು ಅಂತ ಕೂಗಿದ್ದೆ ಅತ್ತೆ, ನಾನು. ಅವತ್ತು. ಖುಷಿಯಿಂದ ಕೂಗಿದ್ದೆ."

ಅತ್ತೆಯ ಉಗುರು ನಿಂತಿತು.

"ಸೀಮೆಎಣ್ಣೆ ಡಬ್ಬ ಕೆಳಗಿಟ್ಟು ಚಪ್ಪಾಳೆ ತಟ್ಟಿದ್ದೆ ನಾನು," ಎಂದಳು. "ಪಕ್ಕದ ಮನೆ ಅಂಗಳದಲ್ಲಿ ನಿಂತು. ಇನ್ನು ನಿನ್ನ ಎಣ್ಣೆ ಯಾರಿಗೆ ಬೇಕೇ ಅಂತ ಅವಳನ್ನ ಹಂಗಿಸಿದ್ದೆ." ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡಳು. "ಕಂಬದ ಮೇಲಿದ್ರೆ ಕೇಳ್ಸುತ್ತಂತೆ ಕಣೇ. ಕರೆಂಟ್ ಕೊಟ್ಟಾಗ ಊರೆಲ್ಲ ಓ ಅನ್ನೋದು. ಅವನೇ ಹೇಳ್ತಿದ್ದ. ಅದೊಂದು ಕೇಳೋಕೆ ಎಂಥ ಮಳೇಲಾದ್ರೂ ಹತ್ತಬಹುದು ಅಮ್ಮಾ ಅಂತ. ನಿಂಗೆ ಹೇಳಿರ್ಲಿಲ್ವಾ?"

"ಇಲ್ಲ."

"ಯಾವಾಗ್ಲೂ ಹೇಳ್ತಿದ್ನಲ್ಲ."

"ನಂಗೆ ಹೇಳಿಲ್ಲ."

ಅತ್ತೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಸೊಸೆಗೆ ಗಂಡನ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಇಂಥದ್ದನ್ನು ತಾಯಿಗೆ ಹೇಳಿಕೊಂಡು, ಮಗ್ಗುಲಲ್ಲಿ ಮಲಗುವ ತನಗೆ ಒಂದು ಮಾತೂ ಹೇಳದೆ ಇದ್ದನಲ್ಲ. ಹಲ್ಲಿಯ ವಿಷಯಕ್ಕೆ ಮಾತ್ರ ಬಾಯಿ ಬಿಟ್ಟಿದ್ದ. ಕೇಳಿದರೆ, ನೀನು ಕೇಳಲಿಲ್ಲವಲ್ಲ ಎಂದು ನಗುತ್ತಿದ್ದ. ಹಾಗೆ ನಗುವವನೇ ಅವನು. ಸಿಟ್ಟು ಬಿಸಿಬಿಸಿಯಾಗಿತ್ತು, ಹೊಸದಾಗಿತ್ತು. ಅವಳು ಕಿಟಕಿಯ ಕಡೆ ತಿರುಗಿ, ಊರು ಬರುವವರೆಗೂ ಮುಖ ಊದಿಸಿಕೊಂಡು ಕೂತಳು.